ಒತ್ತಿದ್ದು ಒಂದು, ಹೋಗಿದ್ದು ಎರಡು

‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎಂಬ ಮಾತು ನಮ್ಮ ಕಿವಿಗೆ ಎಷ್ಟು ರೂಢಿಯಾಗಿದೆಯೆಂದರೆ 2018ರಲ್ಲಿ ಅದೇ ಹೆಸರಿನ ಸಿನಿಮಾ ಕೂಡ ಬಂತು. ಆ ಒಂದನ್ನು ಒತ್ತಿದಾಗ ಹುಟ್ಟುವುದು ಎರಡು ಸ್ವರಗಳ ಜೋಡಿ: 697 ಮತ್ತು 1209 ಹರ್ಟ್ಸ್. ಕೀಪ್ಯಾಡಿನ ಪ್ರತಿ ಅಡ್ಡಸಾಲಿಗೆ ಒಂದು ಕೆಳಸ್ವರ, ಪ್ರತಿ ಉದ್ದಸಾಲಿಗೆ ಒಂದು ಮೇಲುಸ್ವರ. ಒಂಟಿ ಸ್ವರವಾಗಿದ್ದರೆ ಮಾತು, ಸಿಳ್ಳೆ ಎಲ್ಲವೂ ಯಂತ್ರಕ್ಕೆ ಅಂಕೆಯಾಗಿ ಕೇಳಿಸುವ ಅಪಾಯವಿತ್ತು. ಜೋಡಿಯಲ್ಲೂ ಅಪರೂಪಕ್ಕೆ ಆ ಎಡವಟ್ಟು ಆಗುವುದುಂಟು.

ಈ ಏರ್ಪಾಡು ಗ್ರಾಹಕರ ಕೈಗೆ ಬಂದದ್ದು 1963ರ ನವೆಂಬರ್ 18ರಂದು, ಅಮೆರಿಕದ ಪೆನ್ಸಿಲ್ವೇನಿಯಾದ ಎರಡು ಪಟ್ಟಣಗಳಲ್ಲಿ. ಆಗ ಇದ್ದದ್ದು ಹತ್ತೇ ಗುಂಡಿ. ಸ್ಟಾರ್ ಮತ್ತು ಹ್ಯಾಶ್ ಸೇರಿಕೊಂಡದ್ದು 1968ರಲ್ಲಿ.

ಸ್ವರ ಗುರುತಿಸುವುದು ಈಗ ದೊಡ್ಡ ಸಂಗತಿಯಲ್ಲ. ಕರೆ ಮಾಡಿದವರು ಒತ್ತಿ ಮುಗಿಸಿದರೇ ಇಲ್ಲವೇ ಎಂದು ತಿಳಿಯುವುದೇ ಕಷ್ಟ. ಮಾರಾಟ ವಿಭಾಗಕ್ಕೆ 1, ಮ್ಯಾನೇಜರ್ ಮೇಜಿಗೆ 101 ಎಂದು ಇಟ್ಟ ಕಚೇರಿಯನ್ನೇ ನೋಡಿ. ಯಾರೋ 1 ಒತ್ತಿದರು. ಇಷ್ಟೇನಾ, ಇನ್ನೂ ಇದೆಯಾ? ಯಂತ್ರ ಕೆಲವು ಸೆಕೆಂಡು ಕಾಯುತ್ತದೆ. ಲೈನ್ ಸತ್ತಿತೆಂದು ಇತ್ತಲಿನವರು ಮತ್ತೆ ಒತ್ತುತ್ತಾರೆ. ಒಳಸಂಖ್ಯೆಗಳನ್ನೆಲ್ಲ 5ರಿಂದ ಶುರುಮಾಡಿ ಮೆನುವಿನಲ್ಲಿ 5 ಬಳಸದಿದ್ದರೆ ಈ ಗೊಂದಲವೇ ಇಲ್ಲ. ಉದ್ದ ಗೊತ್ತಿಲ್ಲದ ಸಂಖ್ಯೆಗೆ ಕೊನೆಯಲ್ಲಿ ಹ್ಯಾಶ್ ಕೇಳುವುದೂ ಇದೇ ಕಾರಣಕ್ಕೆ.

1999ರಲ್ಲಿ ಮಾರ್ಕ್ ಸ್ಪೆನ್ಸರ್ ಶುರುಮಾಡಿದ ಆಸ್ಟರಿಸ್ಕ್ ಎಂಬ ಉಚಿತ ಟೆಲಿಫೋನ್ ತಂತ್ರಾಂಶದಲ್ಲಿ ಧ್ವನಿ ಕೇಳಿಸಲು ‘ಪ್ಲೇಬ್ಯಾಕ್’, ‘ಬ್ಯಾಕ್‌ಗ್ರೌಂಡ್’ ಎಂಬ ಎರಡು ಆಜ್ಞೆಗಳಿವೆ. ಮೊದಲನೆಯದು ತನ್ನ ಪಾಠ ಒಪ್ಪಿಸಿಯೇ ಸಿದ್ಧ. ಎರಡನೆಯದು ಹೇಳುತ್ತಲೇ ಕೇಳಿಸಿಕೊಳ್ಳುತ್ತದೆ, ಗುಂಡಿ ಒತ್ತಿದರೆ ಮಾತು ನಿಲ್ಲಿಸುತ್ತದೆ. ಮೆನುವಿಗೆ ಬೇಕಾದದ್ದು ಇದು.

ಇಂಟರ್ನೆಟ್ ಕರೆಗಳಲ್ಲಿ ಮತ್ತೊಂದು ತೊಡಕು. ಮಾತನ್ನು ಹಿಂಡಿ ಕಳಿಸುವಾಗ ಸ್ವರಗಳು ಕೆಡುತ್ತವೆ. ಆದ್ದರಿಂದ ಅಂಕೆಯನ್ನು ಬೇರೆ ಪ್ಯಾಕೆಟ್ಟಿನಲ್ಲಿ ಕಳಿಸುವ ಕ್ರಮ 2000ದಲ್ಲಿ ಬಂತು. ಸ್ವರ, ಪ್ಯಾಕೆಟ್ಟು ಎರಡೂ ತಲುಪಿ ಎರಡನ್ನೂ ಯಂತ್ರ ಎಣಿಸಿದರೆ 5 ಎನ್ನುವುದು 55 ಆಗುತ್ತದೆ! ಸ್ಮಾರ್ಟ್‌ಫೋನ್ ಇಲ್ಲದವರಿಗಾಗಿ 2022ರಲ್ಲಿ ಶುರುವಾದ ಯುಪಿಐ 123ಪೇಯಲ್ಲಿ ಇಂಥ ಧ್ವನಿ ಮೆನುವಿನಿಂದಲೇ ಹಣ ಕಳಿಸಬಹುದು. ಅಲ್ಲಿ ಒಂದು ಅಂಕೆ ಹೆಚ್ಚಾದರೆ ತಮಾಷೆಯಲ್ಲ.

ಮೆನು ಸಿದ್ಧಪಡಿಸುವವರು ಒಂದು ಸಂಗತಿ ಗಮನಿಸಬೇಕು. ಟಚ್ ಫೋನಿನವರು ಕಿವಿಯಿಂದ ಫೋನ್ ತೆಗೆದು, ಕೀಪ್ಯಾಡ್ ತೆರೆದು, ಅಂಕೆ ಹುಡುಕಿ ಒತ್ತಬೇಕು. ವಯಸ್ಸಾದವರಿಗೆ ಇನ್ನಷ್ಟು ಹೊತ್ತು ಬೇಕು. ಅವಧಿ ಮೀರಿದೊಡನೆ ಕರೆ ಕತ್ತರಿಸಬೇಡಿ, ಮೆನುವನ್ನು ಇನ್ನೊಮ್ಮೆ ಹೇಳಿ, ಆಮೇಲೂ ಆಗದಿದ್ದರೆ ಮನುಷ್ಯರೊಬ್ಬರಿಗೆ ಕರೆ ದಾಟಿಸಿ.