ಹುಡುಕಿದವರಿಗೆ ಊರು ಸಿಗಬೇಕಾದರೆ

ಲಕ್ಷ್ಮೇಶ್ವರವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೆಲವರು ‘ಕೆಎಸ್‌ಎಚ್’ ಹಾಕುತ್ತಾರೆ, ಕೆಲವರು ‘ಎಕ್ಸ್’. ಹಿರೇವಡ್ಡಟ್ಟಿಗೂ ಇದೇ ಪಾಡು: ‘ವಿ’ಯೋ ‘ಡಬ್ಲ್ಯು’ವೋ? ಹಿಂದೆ ಜಾಲತಾಣ ಕಟ್ಟುವವರು ಇಂಥ ಎಲ್ಲ ಕಾಗುಣಿತಗಳನ್ನೂ ಪುಟದ ಮರೆಯಲ್ಲಿರುವ ಕೀವರ್ಡ್ ಮೆಟಾ ಟ್ಯಾಗಿನಲ್ಲಿ ತುಂಬುತ್ತಿದ್ದರು. ಓದುಗರಿಗೆ ಅದು ಕಾಣದು, ಹುಡುಕುಯಂತ್ರಕ್ಕೆ ಮಾತ್ರ.

ಆ ಕಾಲ ಮುಗಿದಿದೆ. ಸಂಬಂಧವಿಲ್ಲದ ಪದಗಳನ್ನೂ ತುರುಕುವವರು ಹೆಚ್ಚಾದಾಗ ಅದರ ಮೇಲಿನ ನಂಬಿಕೆ ಹೋಯಿತು. ಪುಟಗಳ ಸ್ಥಾನ ನಿರ್ಧರಿಸಲು ಕೀವರ್ಡ್ ಟ್ಯಾಗನ್ನು ಬಳಸುವುದಿಲ್ಲವೆಂದು ಗೂಗಲ್ 2009ರ ಸೆಪ್ಟೆಂಬರಿನಲ್ಲೇ ಸ್ಪಷ್ಟಪಡಿಸಿತು.

ಹಾಗೆಂದು ಮೆಟಾ ಟ್ಯಾಗುಗಳೆಲ್ಲ ವ್ಯರ್ಥವಲ್ಲ. ವಿವರಣೆಯ ಟ್ಯಾಗ್ ಸ್ಥಾನವನ್ನು ಮೇಲೇರಿಸದು. ಆದರೆ ಫಲಿತಾಂಶದಲ್ಲಿ ಶೀರ್ಷಿಕೆಯ ಕೆಳಗೆ ಕಾಣುವ ಸಾಲುಗಳನ್ನು ಗೂಗಲ್ ಹಲವು ಸಲ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಅದನ್ನು ಓದಿಯೇ ಜನ ಒತ್ತುವುದು. ರೋಬೋಟ್ಸ್ ಟ್ಯಾಗಿನಲ್ಲಿ ‘ನೋಇಂಡೆಕ್ಸ್’ ಎಂದು ಉಳಿದುಬಿಟ್ಟರಂತೂ ಇಡೀ ಪುಟವೇ ಹುಡುಕಾಟದಿಂದ ಮಾಯ!

ಕನ್ನಡಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಬೇರೆ ಕಡೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಎಷ್ಟೋ ಕನ್ನಡ ಪುಟಗಳು ತಮ್ಮದೇ ಫಾಂಟ್‌ಗಳಲ್ಲಿದ್ದವು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಂಥ ಪುಟಕ್ಕೆ ಯಾವ ಟ್ಯಾಗೂ ನೆರವಾಗದು.

ಊರಿನ ಶಾಲೆ, ಸಂಘ, ಅಂಗಡಿಗೆ ಜಾಲತಾಣ ಮಾಡುವವರು ಶೀರ್ಷಿಕೆಯಲ್ಲಿ ‘ಮುಖಪುಟ’ ಎಂದಷ್ಟೇ ಬಿಡಬೇಡಿ. ಯೂನಿಕೋಡ್ ಕನ್ನಡದಲ್ಲಿ ‘ಹಿರೇವಡ್ಡಟ್ಟಿ, ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ’ ಎಂದು ಪೂರ್ತಿ ಬರೆಯಿರಿ.