ಊಟದ ಮೇಜಿನ ಮೇಲಣ ವಿಮಾನ

ಯುದ್ಧವೆಂಬುದು ರಾಜ್ಯದ ಕಾರ್ಯ, ಆಯುಧವೆಂಬುದು ಕಾರ್ಖಾನೆಯ ಉತ್ಪನ್ನ ಎಂದು ತಿಳಿದು ಬೆಳೆದ ನಮಗೆ, ಗೃಹಸ್ಥರು ರಾತ್ರಿ ಊಟದ ತಟ್ಟೆಗಳನ್ನು ತೆಗೆದಿರಿಸಿ, ಅದೇ ಮೇಜಿನ ಮೇಲೆ ಯುದ್ಧರಂಗಕ್ಕೆ ಹೋಗತಕ್ಕ ಡ್ರೋನ್ ಒಂದನ್ನು ಜೋಡಿಸಲು ಕುಳಿತುಕೊಳ್ಳುವರೆಂಬ ವಾರ್ತೆ ಕಟ್ಟುಕಥೆಯಂತೆ ಕೇಳಿಸಬಹುದು. ಉಕ್ರೇನಿನಲ್ಲಿ ಇದು ನಡೆಯುತ್ತಿರುವ ಸಂಗತಿ. ಆ ದೇಶದ ಖಾರ್ಕಿವ್ ನಗರ ವೈದ್ಯ ವಿದ್ಯಾಭ್ಯಾಸದ ನಿಮಿತ್ತ ಕರ್ನಾಟಕದ ಎಷ್ಟೋ ಮನೆಗಳಿಗೆ ಪರಿಚಿತವಾದುದು. 2022ರ ಫೆಬ್ರವರಿಯಲ್ಲಿ ರಷ್ಯದ ಸೈನ್ಯ ಒಳನುಗ್ಗಿದಾಗ ಅಲ್ಲಿದ್ದ ಮಕ್ಕಳಿಗಾಗಿ ನಮ್ಮ ತಂದೆತಾಯಿಗಳು ನಿದ್ದೆಗೆಟ್ಟು ಕಾದದ್ದನ್ನು ನಾವು ಮರೆತಿಲ್ಲ.

ಈ ವಿಷಯದತ್ತ ನನ್ನನ್ನು ಸೆಳೆದವರು ಮರಿಯಾ ಬೆರ್ಲಿನ್ಸ್ಕಾ. ಕಾಮ್ಯನೆತ್ಸ್-ಪೊಡಿಲ್ಸ್ಕಿ ಎಂಬ ಪ್ರಾಚೀನ ಪಟ್ಟಣದಲ್ಲಿ 1988ರಲ್ಲಿ ಹುಟ್ಟಿದ ಈಕೆ ಇತಿಹಾಸವನ್ನು ಓದಿದವರು. ಯಂತ್ರಶಾಸ್ತ್ರದ ಪದವಿ ಪಡೆದವರಲ್ಲ. ಕೀವ್ ನಗರದಲ್ಲಿ ಸರ್ಕಾರದ ವಿರುದ್ಧ ನಡೆದ ಮೈದಾನ್ ಚಳವಳಿಯಲ್ಲಿ ಪಾಲ್ಗೊಂಡು, 2014ರಲ್ಲಿ ದೇಶದ ಪೂರ್ವಭಾಗದಲ್ಲಿ ಕಾಳಗ ಆರಂಭವಾದಾಗ, ಆಕಾಶದಿಂದ ಶತ್ರುವಿನ ನೆಲೆಯನ್ನು ನೋಡಿ ತಿಳಿಸುವ ವಿದ್ಯೆಯನ್ನು ಕಲಿತು ಮುಂಚೂಣಿಗೆ ಹೋದರು. ಹೆಂಗಸರನ್ನು ಯುದ್ಧದ ಹುದ್ದೆಗಳಿಗೆ ಸೇರಿಸಿಕೊಳ್ಳಲು ಕಾನೂನು ಅಂದು ಒಪ್ಪುತ್ತಿರಲಿಲ್ಲ. ಕಾದಾಡಿದ ಹೆಂಗಸರ ಹೆಸರು ಕಡತದಲ್ಲಿ ಅಡುಗೆಯವರ ಸಾಲಿನಲ್ಲೋ ಹೊಲಿಗೆಯವರ ಸಾಲಿನಲ್ಲೋ ಇರುತ್ತಿತ್ತು. ಆ ಅನ್ಯಾಯವನ್ನು ದಾಖಲಿಸಲೆಂದು ಬೆರ್ಲಿನ್ಸ್ಕಾ ಆರಂಭಿಸಿದ ಅಧ್ಯಯನಕ್ಕೆ 'ಅದೃಶ್ಯ ದಳ' ಎಂಬ ಹೆಸರಾಯಿತು. ಅದೇ ಹೆಸರಿನ ಸಾಕ್ಷ್ಯಚಿತ್ರವೂ ಬಂದಿತು. 2015ರಲ್ಲಿ ವೈಮಾನಿಕ ವೀಕ್ಷಣೆಗಾಗಿ ತರಬೇತಿ ಕೇಂದ್ರವೊಂದನ್ನು ಕಟ್ಟಿ, ಮುಂದಿನ ಯುದ್ಧ ತಂತ್ರಜ್ಞಾನದ ಯುದ್ಧವಾಗಲಿದೆ ಎಂದು ಅಧಿಕಾರಿಗಳ ಕಿವಿಗೆ ಬೀಳುವಂತೆ ವರ್ಷಗಟ್ಟಲೆ ಹೇಳಿದರು. ಹೇಳಿದ್ದು ನಿಜವಾದಾಗ ಅವರ ಕೈಯಲ್ಲಿ ಶಾಲೆಯೊಂದು ಸಿದ್ಧವಾಗಿತ್ತು. 'ವಿಕ್ಟರಿ ಡ್ರೋನ್ಸ್' ಎಂಬ ಅವರ ಯೋಜನೆಯಿಂದ ಹೊರಟ ಶಾಖೆಯೇ 'ಜನತೆಯ ಎಫ್‌ಪಿವಿ' (ಡ್ರೋನಿನ ಕ್ಯಾಮರಾ ಕಾಣುವುದನ್ನೇ ಚಾಲಕನೂ ಕಂಡು ಹಾರಿಸುವ ಬಗೆಗೆ ಎಫ್‌ಪಿವಿ ಎಂದು ಹೆಸರು): ಏಳು ಅಂಗುಲದ ಡ್ರೋನನ್ನು ಮನೆಯಲ್ಲಿಯೇ ಜೋಡಿಸುವ ಬಗೆಯನ್ನು ಯಾರಿಗಾದರೂ ಉಚಿತವಾಗಿ ಕಲಿಸುವ ಅಂತರ್ಜಾಲದ ಪಾಠಮಾಲೆ.

ಈ ಕೆಲಸದ ಪೂರ್ವಚರಿತ್ರೆ ಹೆಚ್ಚು ದೀರ್ಘವಾದುದಲ್ಲ. ಆಟದ ವಿಮಾನಗಳನ್ನು ಹಾರಿಸುವ ಹವ್ಯಾಸಿಗಳು 2014ರಲ್ಲಿ ಕೂಡಿಕೊಂಡು 'ಏರೋರೊಜ್ವಿದ್ಕಾ' ಎಂಬ ತಂಡವನ್ನು ಕಟ್ಟಿದರು. ಸ್ಥಾಪಕರಲ್ಲೊಬ್ಬರಾದ ವೊಲೊದಿಮಿರ್ ಕೊಚೆಟ್ಕೊವ್-ಸುಕಾಚ್ ಮರುವರ್ಷವೇ ರಣರಂಗದಲ್ಲಿ ಮಡಿದರು. ಎಂಟು ಮೋಟಾರುಗಳ, ಐದು ಕಿಲೋ ಭಾರ ಹೊರುವ ಆ ತಂಡದ ಆರ್-18 ಯಂತ್ರವು 2022ರ ವಸಂತದಲ್ಲಿ ಕೀವ್ ಕಡೆಗೆ ಸಾಗಿಬರುತ್ತಿದ್ದ ರಷ್ಯದ ವಾಹನಗಳ ಸಾಲನ್ನು ರಾತ್ರಿಯ ಹೊತ್ತು ಕಾಡಿತೆಂದು ಆ ತಂಡದವರು ಹೇಳುತ್ತಾರೆ.

ಇನ್ನು ಜೋಡಣೆಯ ಕ್ರಮ. ಏಳು ಅಂಗುಲವೆಂಬುದು ಪ್ರೊಪೆಲರಿನ ವ್ಯಾಸ. ಕಾರ್ಬನ್ ಫೈಬರಿನ ಚೌಕಟ್ಟು, ನಾಲ್ಕು ಮೋಟಾರು, ಅವುಗಳ ವೇಗವನ್ನು ಆಳುವ ಒಂದು ಸರ್ಕ್ಯೂಟ್ ಬೋರ್ಡು, ಹಾರಾಟವನ್ನು ಆಳುವ ಮತ್ತೊಂದು, ಕ್ಯಾಮರಾ, ಚಿತ್ರವನ್ನು ಕಳುಹಿಸುವ ಟ್ರಾನ್ಸ್‌ಮಿಟರ್, ಆಜ್ಞೆಯನ್ನು ಪಡೆಯುವ ರಿಸೀವರ್, ಬ್ಯಾಟರಿ. ಪದಾರ್ಥಗಳ ಪಟ್ಟಿ ಇಷ್ಟೇ, ಎಲ್ಲವೂ ಸೇರಿ ನಾನೂರು-ಐನೂರು ಡಾಲರಿನೊಳಗೆ ಮುಗಿಯುವಂಥದು. ಒಂದೊಂದು ಮೋಟಾರಿನಿಂದ ಮೂರು ಮೂರು ತಂತಿಗಳು ಹೊರಡುತ್ತವೆ. ಆ ಹನ್ನೆರಡನ್ನೂ ಬೋರ್ಡಿಗೆ ಬೆಸೆಯುವುದೇ ಕಲಿಯುವವನಿಗೆ ಒದಗುವ ಮೊದಲ ಪರೀಕ್ಷೆ. ಕಾವು ಸಾಲದಿದ್ದರೆ ತವರವು ಮಂಕಾಗಿ ಗಂಟುಗಟ್ಟಿ ಮೇಲೆ ಮಾತ್ರ ಅಂಟಿಕೊಂಡು ಹಾರಾಟದ ನಡುಕಕ್ಕೆ ಬಿಟ್ಟುಹೋಗುತ್ತದೆ. ಕಾವು ಹೆಚ್ಚಾದರೆ ಬೋರ್ಡಿನ ತಾಮ್ರದ ಪೊರೆಯೇ ಕಿತ್ತುಬರುತ್ತದೆ. ಕಾರ್ಬನ್ ಚೌಕಟ್ಟು ನೋಟಕ್ಕೆ ಪ್ಲಾಸ್ಟಿಕ್ಕಿನಂತಿದ್ದರೂ ವಿದ್ಯುತ್ತನ್ನು ಹರಿಯಗೊಡುವಂಥದಾದ್ದರಿಂದ, ಸಿಪ್ಪೆ ಸುಲಿದ ಒಂದೆಳೆ ತಂತಿ ಅದಕ್ಕೆ ತಾಗಿದರೂ ಸಾಕು, ಇಡೀ ಯಂತ್ರ ಹೊಗೆಯಾದೀತು. ಆಂಟೆನಾ ತೊಡಿಸದೆ ಟ್ರಾನ್ಸ್‌ಮಿಟರಿಗೆ ವಿದ್ಯುತ್ತನ್ನು ಕೊಟ್ಟರೆ ಅದು ತನ್ನ ಶಕ್ತಿಯಿಂದ ತಾನೇ ಸುಟ್ಟುಕೊಳ್ಳುತ್ತದೆ. ಮೇಜಿನ ಮೇಲೆ ಮೋಟಾರನ್ನು ಪರೀಕ್ಷಿಸುವಾಗ ಪ್ರೊಪೆಲರನ್ನು ಎಂದಿಗೂ ತೊಡಿಸಕೂಡದು, ಬೆರಳು ಹೋದೀತು. ತಂತ್ರಾಂಶವನ್ನು ತುಂಬುವುದು, ನಾಲ್ಕು ಮೋಟಾರುಗಳೂ ತಕ್ಕ ದಿಕ್ಕಿನಲ್ಲಿ ತಿರುಗುವುವೇ ಎಂದು ನೋಡುವುದು ಆಮೇಲಿನ ಮಾತು. ಹೀಗೆ ಸಿದ್ಧವಾದದ್ದು ನೇರವಾಗಿ ರಣರಂಗಕ್ಕೆ ಹೋಗುವುದಿಲ್ಲ. ಅನುಭವಸ್ಥ ಎಂಜಿನಿಯರುಗಳು ಬೆಸುಗೆಯನ್ನು ಒಂದೊಂದಾಗಿ ನೋಡಿ, ಹಾರಿಸಿ ಪರೀಕ್ಷಿಸಿ, ದೋಷವಿದ್ದರೆ ಇಂಥಲ್ಲಿ ತಪ್ಪಾಗಿದೆ ಎಂದು ತಿಳಿಸುತ್ತಾರೆ. ಸಿಡಿಮದ್ದನ್ನು ಕಟ್ಟುವ ಕೆಲಸ ಸೈನಿಕರದು; ಅದು ಮನೆಯ ಹೊಸ್ತಿಲೊಳಗೆ ಬರುವುದಿಲ್ಲ.

ಹಣದ ಸಂಗತಿಯನ್ನೂ ಹೇಳಬೇಕು. 2022ರ ಜೂನ್ ತಿಂಗಳಲ್ಲಿ ಹಾಸ್ಯನಟ ಸೆರ್ಹಿ ಪ್ರಿಟುಲಾ ಅವರ ಪ್ರತಿಷ್ಠಾನವು ತುರ್ಕಿಯ ಬೈರಕ್ತಾರ್ ಚಾಲಕರಹಿತ ವಿಮಾನಗಳಿಗೆಂದು ಕೈಚಾಚಿದಾಗ ಮೂರು ದಿನಗಳಲ್ಲಿ 60 ಕೋಟಿ ಹ್ರಿವ್ನಿಯಾ (ಉಕ್ರೇನಿನ ನಾಣ್ಯ) ಸೇರಿತು. ತಯಾರಕರು ಮೂರು ವಿಮಾನಗಳನ್ನು ಉಚಿತವಾಗಿಯೇ ಕೊಟ್ಟುದರಿಂದ ಆ ಹಣ ಉಪಗ್ರಹ ಚಿತ್ರಗಳ ಸೇವೆಗೆ ಸಂದಿತು. ಇಂಥ ಔದಾರ್ಯ ನಮಗೆ ಅಪರಿಚಿತವಲ್ಲ. ಎರಡನೆಯ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನವು ನೀಡಿದ ಧನದ ಗೌರವಾರ್ಥವಾಗಿ ಬ್ರಿಟಿಷ್ ವಾಯುಪಡೆಯ 129ನೆಯ ಸ್ಕ್ವಾಡ್ರನ್ 'ಮೈಸೂರು' ಎಂಬ ಹೆಸರನ್ನು ಧರಿಸಿತು. ಸ್ಪಿಟ್‌ಫೈರ್ ವಿಮಾನಗಳ ಆ ದಳದ ಲಾಂಛನ ನಮ್ಮ ಗಂಡಭೇರುಂಡವೇ. 1962ರ ಚೀನ ಯುದ್ಧದಲ್ಲಿ ನಮ್ಮ ಹೆಂಗಸರು ಕೈಬಳೆಯನ್ನು ಕಳಚಿ ರಕ್ಷಣಾ ನಿಧಿಗೆ ಕೊಟ್ಟದ್ದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಆದರೆ ಅಲ್ಲೆಲ್ಲ ಕೊಟ್ಟವರ ಹೊಣೆ ಕೊಟ್ಟೊಡನೆ ತೀರಿತು. ಉಕ್ರೇನಿನ ಈ ಗೃಹಸ್ಥ ತನ್ನ ಹಣದ ಜೊತೆಗೆ ಬೆಸುಗೆಯ ಹೊಣೆಯನ್ನೂ ಹೊತ್ತುಕೊಂಡಿದ್ದಾನೆ. ಒಂದು ತಂತಿ ಸಡಿಲವಾದರೆ ಕಣ್ಣಿಗೆ ಕಾಣದ ಯಾವನೋ ಸೈನಿಕನ ಪ್ರಾಣಕ್ಕೆ ತಾನು ಉತ್ತರ ಹೇಳಬೇಕಾದೀತೆಂಬ ಅರಿವಿನಿಂದ ಮತ್ತೊಮ್ಮೆ ಕಾಯಿಸಿ ಮತ್ತೊಮ್ಮೆ ನೋಡುತ್ತಾನೆ. ದಾನಕ್ಕಿಂತ ಇದು ಒಂದು ಮೆಟ್ಟಿಲು ಮೇಲಿನದೆಂದು ನನ್ನ ನಂಬಿಕೆ.

ಕಷ್ಟಗಳು ಇಲ್ಲದಿಲ್ಲ. ಬಿಡಿಭಾಗಗಳು ಬಹುಮಟ್ಟಿಗೆ ಚೀನದಿಂದ ಬರತಕ್ಕವು. 2023ರ ಸೆಪ್ಟೆಂಬರಿನಿಂದ ಆ ದೇಶ ಡ್ರೋನ್ ರಫ್ತಿನ ಮೇಲೆ ನಿರ್ಬಂಧ ಹೇರಿದೆ. ಶತ್ರು ರೇಡಿಯೋ ಅಲೆಗಳನ್ನು ಕೆಡಿಸುವ ಉಪಾಯಗಳನ್ನು ಬದಲಿಸಿದಂತೆಲ್ಲ ನಿನ್ನೆಯ ವಿನ್ಯಾಸ ಇಂದು ನಿರುಪಯೋಗಿಯಾಗುತ್ತದೆ. ಅದಕ್ಕೆಂದೇ ಕೂದಲೆಳೆಯಂಥ ಆಪ್ಟಿಕಲ್ ಫೈಬರನ್ನು ಹಿಂದೆ ಬಿಚ್ಚಿಕೊಂಡು ಹೋಗುವ ಡ್ರೋನುಗಳು ಹುಟ್ಟಿಕೊಂಡಿವೆ. ಉಕ್ರೇನ್ ಸರ್ಕಾರ 2024ರಲ್ಲಿ ಚಾಲಕರಹಿತ ಯಂತ್ರಗಳಿಗೆಂದೇ ಪ್ರತ್ಯೇಕ ಪಡೆಯನ್ನು ರಚಿಸಿ, ಆ ವರ್ಷಕ್ಕೆ ಹತ್ತು ಲಕ್ಷ ಡ್ರೋನುಗಳ ಗುರಿಯನ್ನು ಇಟ್ಟುಕೊಂಡಿತು. ಕಾರ್ಖಾನೆಗಳ ಆ ಪ್ರವಾಹದೆದುರಿಗೆ ಮನೆಮನೆಯ ಕೊಡುಗೆ ಅಲ್ಪವೇ ಸರಿ. ಯುದ್ಧ ಉದ್ದವಾದಂತೆ ಕೊಡುವ ಕೈಗಳೂ ಬಳಲುತ್ತವೆ.

ಕೈಕಸುಬುಗಳ ಪರಿಚಯ ಬರೆಯುವವರು ಅವು ಅಳಿಯದಿರಲೆಂದು ಪ್ರಾರ್ಥಿಸುವುದು ವಾಡಿಕೆ. ಒಂದೇ ಸಲ ಹಾರುವುದಕ್ಕೂ ಕೊಲ್ಲುವುದಕ್ಕೂ ಮಾಡಿದ ಈ ವಸ್ತುವಿನ ವಿಷಯದಲ್ಲಿ ಹಾಗೆ ಪ್ರಾರ್ಥಿಸಲು ನನಗೆ ಮನಸ್ಸು ಬಾರದು; ಅದನ್ನು ಜೋಡಿಸುವವರೂ ಇದು ನಿತ್ಯವಾಗಲೆಂದು ಬಯಸಲಾರರು. ಆದರೆ ಅದರಿಂದ ಬಂದ ವಿದ್ಯೆಯೂ ಹೊಣೆಗಾರಿಕೆಯೂ ಉಳಿಯತಕ್ಕವು. ಬೆಸೆಯಲು ಕಲಿತ ಆ ಕೈಗಳಿಗೆ ಕೆಟ್ಟ ರೇಡಿಯೋವನ್ನು ಸರಿಮಾಡುವ, ಗೋಧಿಯ ಹೊಲಕ್ಕೆ ಔಷಧ ಸಿಂಪಡಿಸುವ ಯಂತ್ರವನ್ನು ಕಟ್ಟುವ ಸಾಮಾನ್ಯ ಕೆಲಸ ಬೇಗನೆ ದೊರೆಯಲಿ.