ಕಲ್ಲಲ್ಲ, ಮೀನು! ಕೂತಲ್ಲೇ ಬೇಟೆಯಾಡುವ ಚೇಳು ಮೀನಿನ ಬಗ್ಗೆ ಗೊತ್ತಿರಲಿ

ಮೀನು ಅಂದರೆ ನಮ್ಮ ಕರಾವಳಿಯವರಿಗೆ ಬಂಗುಡೆ, ಬೂತಾಯಿ. ನಾನೀಗ ವ್ಯಾಪಾರ ಮಾಡಿಕೊಂಡಿರುವ ತಮಿಳುನಾಡಿನ ಪಾಪಿರೆಡ್ಡಿಪಟ್ಟಿಯಿಂದ ಸಮುದ್ರ ಬಹಳ ದೂರ. ಆದರೆ ಇದೇ ರಾಜ್ಯದ ಕಡಲಲ್ಲಿ ಸಿಕ್ಕಿದ ಒಂದು ಮೀನಿನ ಬಗ್ಗೆ ನಮ್ಮ ಯುವಕರು ತಿಳಿದಿರಲೇಬೇಕು. ಅದೇ ಸ್ಕಾರ್ಪಿಯನ್ ಫಿಶ್, ಅಂದರೆ ಚೇಳು ಮೀನು.

ರಾಮನಾಥಪುರಂ ಜಿಲ್ಲೆಯ ಸೇತುಕರೈ ಬಳಿ, ಮನ್ನಾರ್ ಕೊಲ್ಲಿಯಲ್ಲಿ, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಡಲ ಹುಲ್ಲಿನ ಸಮೀಕ್ಷೆ ಮಾಡುತ್ತಿದ್ದರು. ಸತ್ತ ಹವಳದ ತುಂಡಿನಂತೆ ಏನೋ ಕಂಡಿತು. ಮುಟ್ಟಿದಾಗ ಅದರ ಬಣ್ಣವೇ ಬದಲಾಯಿತು! ಈ ಬ್ಯಾಂಡ್‌ಟೇಲ್ ಜಾತಿಯ ಚೇಳು ಮೀನು ಭಾರತದ ಕಡಲಲ್ಲಿ ಜೀವಂತವಾಗಿ ಸಿಕ್ಕಿದ್ದು ಅದೇ ಮೊದಲು. 2020ರಲ್ಲಿ ಈ ಸುದ್ದಿ ಹೊರಬಂತು.

ಇದು ಬೇಟೆಯ ಹಿಂದೆ ಓಡುವ ಮೀನಲ್ಲ. ಹವಳ, ಬಂಡೆ, ಕಡಲ ಹುಲ್ಲಿನ ನಡುವೆ ತಳದಲ್ಲಿ ಅಲುಗಾಡದೆ ಬಿದ್ದಿರುತ್ತದೆ. ಹೆಚ್ಚಾಗಿ ರಾತ್ರಿ ಹೊತ್ತು ಬೇಟೆ. ಕತ್ತಲಲ್ಲಿ ಕಣ್ಣನ್ನು ನಂಬಿ ಕೂರುವುದಿಲ್ಲ, ನೀರಿನ ಸಣ್ಣ ಅಲುಗಾಟವನ್ನೂ ಹಿಡಿಯುವ ನರವ್ಯವಸ್ಥೆ ಮೈಯ ಪಕ್ಕದಲ್ಲಿದೆ. ಸುಮಾರು 10 ಸೆಂ.ಮೀ. ದೂರದ ಏಡಿ ಉಸಿರಾಡಿದರೂ ಇದಕ್ಕೆ ಗೊತ್ತಾಗುತ್ತದಂತೆ. ಏಡಿಯೋ ಸಣ್ಣ ಮೀನೋ ಹತ್ತಿರ ಬಂದದ್ದೇ ತಡ, ದೊಡ್ಡ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು.

ಹಾಗಾದರೆ ಮುಳ್ಳಿನ ವಿಷ ಯಾಕೆ? ಅದು ಬೇಟೆಗಲ್ಲ, ತನ್ನ ರಕ್ಷಣೆಗೆ. ಮೀನು ತಾನಾಗಿ ಬಂದು ಚುಚ್ಚುವುದಿಲ್ಲ. ನಾವು ತುಳಿದರೆ, ಕೈಯಲ್ಲಿ ಹಿಡಿದರೆ ಮಾತ್ರ ಅಪಾಯ.

ಇದರ ಹತ್ತಿರದ ಸಂಬಂಧಿ ಸ್ಟೋನ್ ಫಿಶ್ ಇನ್ನೂ ಹೆಚ್ಚು ವಿಷಕಾರಿ. ಕೆಂಪು ಸಮುದ್ರದಲ್ಲೂ ಇದೆ. ಜಿದ್ದಾ ಕಡೆ ಇರುವ ನಮ್ಮ ಹುಡುಗರು ರಜೆಯಲ್ಲಿ ಕಡಲಿಗೆ ಇಳಿಯುವಾಗ ಇದು ನೆನಪಿರಲಿ. ಹವಳ, ಬಂಡೆ ಇರುವಲ್ಲಿ ಬರಿಗಾಲಲ್ಲಿ ನಡೆಯಬೇಡಿ, ದಪ್ಪ ಅಡಿಯ ಚಪ್ಪಲಿ ಅಥವಾ ಶೂ ಇರಲಿ. ಚಂದ ಕಂಡ ಕಲ್ಲನ್ನೆಲ್ಲ ಮುಟ್ಟಲು ಹೋಗಬೇಡಿ.

ಚುಚ್ಚಿದರೆ ಐಸ್ ಇಡಬೇಡಿ. ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿ ಮೀರದಂತೆ, ಆ ಭಾಗವನ್ನು 30ರಿಂದ 90 ನಿಮಿಷ ಮುಳುಗಿಸಿಡಿ. ನೋವು ಕಡಿಮೆಯಾಗುತ್ತದೆ. ನೀರಿನ ಬಿಸಿಯನ್ನು ಮೊದಲು ಗಾಯವಿಲ್ಲದ ಕೈಯಿಂದ ನೋಡಿ, ಇಲ್ಲದಿದ್ದರೆ ಚರ್ಮ ಸುಟ್ಟೀತು. ನೋವು ಇಳಿಯಿತೆಂದು ಮನೆಯಲ್ಲೇ ಕೂರದೆ ಆಸ್ಪತ್ರೆಗೆ ಹೋಗಿ. ಉಸಿರಾಟಕ್ಕೆ ತೊಂದರೆಯಾದರೆ ಬಿಸಿ ನೀರಿಗಾಗಿ ಕಾಯದೆ ತಕ್ಷಣ ಹೊರಡಿ.

ಕಡಲಿಗೆ ಹೋಗುವ ಗೆಳೆಯರಿಗೂ ಈ ವಿಷಯ ತಿಳಿಸಿ.